ನೆಲಗುಬ್ಬಿಯ ಲೆಕ್ಕದ ಮೇಡಂ

ನಮ್ಮ ಸ್ಟಾಟಿಸ್ಟಿಕ್ಸ್ ಮೇಡಂ ನಿವೃತ್ತರಾದ ದಿನ ಬೀಳ್ಕೊಡುಗೆ ಸಭೆಯಲ್ಲಿ ನನಗೆ ಹತ್ತು ನಿಮಿಷ ಕೊಟ್ಟಿದ್ದರು. ಭಾಷಣಕ್ಕಲ್ಲ. ಭಾಷಣ ಮಾಡುವಷ್ಟು ಮರ್ಯಾದೆ ಆ ಕಾಲೇಜಿನಲ್ಲಿ ನನಗೆ ಎಂದೂ ಇರಲಿಲ್ಲ. ಮಿಮಿಕ್ರಿಗೆ. ಪ್ರಿನ್ಸಿಪಾಲರು ಮೈಕ್ ತಟ್ಟುವ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುವುದನ್ನು ಮಾಡಿದೆ. ಲೈಬ್ರರಿಯ ಅಕ್ಕ ಪುಸ್ತಕ ವಾಪಸು ತೆಗೆದುಕೊಳ್ಳುವಾಗ ಹಾಳೆ ಹರಿದಿದೆಯೇ ಎಂದು ಮೂಸಿ ನೋಡುವುದನ್ನು ಮಾಡಿದೆ. ಕ್ಯಾಂಟೀನಿನ ಅಣ್ಣ ಬನ್ಸ್ ಎದುರಿಗೇ ಇಟ್ಟುಕೊಂಡು "ಬನ್ಸ್ ಮುಗೀತು" ಎನ್ನುವುದನ್ನು ಮಾಡಿದೆ. ಕೊನೆಗೆ ಹಿಂದಿನ ಸಾಲಿನ ಹುಡುಗರೆಲ್ಲ "ಮೇಡಂ! ಮೇಡಂ ಮಾಡು!" ಎಂದು ಕೂಗಿದರು. ನಾನು ಮೈಕ್ ಇಟ್ಟು ಇಳಿದುಬಿಟ್ಟೆ. ಹೆದರಿದ ಎಂದುಕೊಂಡರು. ಇರಲಿ.

ಅವರನ್ನು ಮಾಡಲು ಬರುವುದಿಲ್ಲವೆಂದಲ್ಲ. ಎಂ.ಎಸ್ಸಿ. ಮೊದಲ ವರ್ಷದಲ್ಲಿ ಅವರೇ ನನ್ನ ಮುಖ್ಯ ಐಟಂ. ಎಡಗೈಯ ವಾಚನ್ನು ಬಲಗೈ ಬೆರಳಿನಿಂದ ಒಂದು ಸುತ್ತು ತಿರುಗಿಸಬೇಕು. ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಬೇಕು. ಕನ್ನಡಕದ ಮೇಲಿನಿಂದ ನೋಡಬೇಕು. ಆಮೇಲೆ ಹೇಳಬೇಕು: "ಕಂಡದ್ದು ನೀನು ಹೇಳಿದೆ. ಕಾಣದ್ದು ಎಷ್ಟು?" ಗೆಳೆಯರ ಹಾಸ್ಟೆಲಿನಲ್ಲಿ ಇದಕ್ಕೆ ಬಿದ್ದಷ್ಟು ಚಪ್ಪಾಳೆ ನನಗೆ ಇನ್ಯಾವುದಕ್ಕೂ ಬಿದ್ದಿಲ್ಲ. ಮಿಮಿಕ್ರಿ ನನ್ನ ಹುಟ್ಟುಗುಣ. ಮಂಗಳೂರಿನ ಉರ್ವದ ನಮ್ಮ ಮನೆಯಲ್ಲಿ, ದುಬೈಯಲ್ಲಿರುವ ಅಪ್ಪನ ದನಿ ಮಾಡಿ ಒಮ್ಮೆ ಅಮ್ಮನಿಗೆ ಪಕ್ಕದ ಕೋಣೆಯಿಂದಲೇ ಫೋನ್ ಮಾಡಿ, "ನಾಳೆ ಬರ್ತಾ ಇದ್ದೇನೆ" ಎಂದಿದ್ದೆ. ಅಮ್ಮ ಅತ್ತರು. ಆಮೇಲೆ ಚಪ್ಪಲಿ ತೆಗೆದುಕೊಂಡರು. ಎರಡೂ ನ್ಯಾಯವೇ.

ಮೇಡಂ ಕೆಲಸವೇನೆಂದು ಮೊದಲು ಹೇಳುತ್ತೇನೆ. ಕಾಡಿನಲ್ಲಿ, ಬಯಲಿನಲ್ಲಿ ಇರುವ ಪ್ರಾಣಿ ಪಕ್ಷಿಗಳು ಎಷ್ಟು, ಒಂದು ಹೆಕ್ಟೇರಿಗೆ ಎಷ್ಟು ಬೀಳುತ್ತವೆ ಎಂದು ಲೆಕ್ಕ ಹಾಕುವ ವಿಧಾನಗಳು ಅವರ ವಿಷಯ. "ಮೇಡಂ ಹಕ್ಕಿ ಎಣಿಸ್ತಾರೆ" ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಎಣಿಸ್ಲಿಕ್ಕೆ ಆಗುವುದಾದರೆ ನನ್ನ ಸಬ್ಜೆಕ್ಟ್ ಎಂತಕ್ಕೆ? ಅಂಗಡಿಯವ ಎಣಿಸ್ತಾನೆ. ನಾವು ಅಂದಾಜು ಮಾಡುವುದು." ಅಂದಾಜು ಎನ್ನುವ ಪದವನ್ನು ನಮ್ಮಲ್ಲಿ ಸಾಂಬಾರಿಗೆ ಉಪ್ಪು ಹಾಕುವವರು ಬಳಸುತ್ತಾರೆ. ಮೇಡಂ ಅದನ್ನು ದೇವರ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು.

ಮೊದಲ ಪ್ರಾಕ್ಟಿಕಲ್ಲಿಗೆ ಅವರು ತಂದದ್ದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಹುಣಿಸೆ ಬೀಜ. ಒಂದು ಹಿಡಿ ತೆಗೆದು, ಪ್ರತಿ ಬೀಜಕ್ಕೂ ಉಗುರುಬಣ್ಣದ ಒಂದು ಚುಕ್ಕೆ ಇಟ್ಟು, ಎಷ್ಟಾಯಿತೆಂದು ಬರೆದುಕೊಂಡು, ಡಬ್ಬಿಗೆ ವಾಪಸು ಹಾಕಿ ಚೆನ್ನಾಗಿ ಕುಲುಕಬೇಕು. ಮತ್ತೆ ಒಂದು ಹಿಡಿ ತೆಗೆಯಬೇಕು. ಈ ಎರಡನೆಯ ಹಿಡಿಯಲ್ಲಿ ಹತ್ತಕ್ಕೊಂದು ಚುಕ್ಕೆಯ ಬೀಜ ಬಂತೆನ್ನಿ. ಹಾಗಾದರೆ ನಾವು ಚುಕ್ಕೆ ಇಟ್ಟದ್ದು ಡಬ್ಬಿಯ ಹತ್ತರಲ್ಲೊಂದು ಪಾಲಿಗೆ. ಹತ್ತರಿಂದ ಗುಣಿಸಿದರೆ ಮುಗಿಯಿತು. ಡಬ್ಬಿ ಸುರಿಯದೆಯೇ ಒಳಗೆಷ್ಟಿದೆ ಎಂದು ಸುಮಾರಾಗಿ ಗೊತ್ತಾಗುತ್ತದೆ.

"ಕೆರೆಯ ಮೀನಿಗೂ ಇದೇ, ಕಾಡಿನ ಹುಲಿಗೂ ಇದೇ," ಎಂದರು.

"ಹುಲಿಗೆ ಉಗುರುಬಣ್ಣ ಯಾರು ಹಚ್ಚುವುದು ಮೇಡಂ?" ಎಂದು ನಾನು ಕೇಳಿದೆ. ಕ್ಲಾಸು ನಕ್ಕಿತು.

"ಅದು ಹುಟ್ಟುವಾಗಲೇ ಪಟ್ಟೆ ಬರೆಸಿಕೊಂಡು ಬರ್ತದೆ ಮಾರಾಯ. ಒಂದರ ಪಟ್ಟೆ ಇನ್ನೊಂದಕ್ಕೆ ಇಲ್ಲ. ದಾರಿಯಲ್ಲಿ ಕ್ಯಾಮೆರಾ ಕಟ್ಟಿದರೆ ಸಾಕು. ಇನ್ನೊಬ್ಬರ ವೇಷ ಹಾಕುವ ಹುಲಿ ನವರಾತ್ರಿಗೆ ಮಾತ್ರ ಇರುವುದು. ಮತ್ತೆ ಈ ಬೆಂಚಲ್ಲಿ ಒಂದು."

ಕ್ಲಾಸು ಇನ್ನೂ ಜೋರಾಗಿ ನಕ್ಕಿತು. ನಾನು ಮಾತು ಬದಲಿಸಲು, "ಸರಿಯಾದ ಉತ್ತರ ಎಷ್ಟು ಮೇಡಂ?" ಎಂದೆ.

"ಗೊತ್ತಿಲ್ಲ."

"ಅಂದರೆ, ಡಬ್ಬಿಯಲ್ಲಿ ನಿಜವಾಗಿ ಎಷ್ಟು ಉಂಟು ಅಂತ?"

"ಅದೇ. ಗೊತ್ತಿಲ್ಲ. ಈ ಡಬ್ಬಿ ನಿಮ್ಮ ಸೀನಿಯರುಗಳ ಸೀನಿಯರುಗಳಿಗಿಂತ ಹಳೆಯದು. ಯಾರೂ ಎಣಿಸ್ಲಿಲ್ಲ. ಕಾಡಿಗೆ ಹೋದರೆ ಮುಚ್ಚಳ ತೆಗೆದು ತೋರಿಸುವವರು ಯಾರು? ಗೊತ್ತಿಲ್ಲದೆ ಇರ್ಲಿಕ್ಕೆ ಈಗಿಂದಲೇ ಅಭ್ಯಾಸ ಮಾಡಿ."

ಮಧ್ಯಾಹ್ನ ಊಟದ ಹೊತ್ತಿಗೆ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ನಾನು ಆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ಎಣಿಸಿದೆ. ಸ್ಟಾಫ್‌ರೂಮಿಗೆ ಓಡಿ ಹೋಗಿ, "ಮೇಡಂ, ಒಟ್ಟು—" ಎನ್ನುವಷ್ಟರಲ್ಲಿ ಅವರು ಊಟದ ಕೈಯನ್ನೂ ಲೆಕ್ಕಿಸದೆ ಎರಡೂ ಕಿವಿ ಮುಚ್ಚಿಕೊಂಡರು. "ಹೇಳ್ಬೇಡ! ಹೇಳಿದರೆ ಡಬ್ಬಿ ಹಾಳಾಯ್ತು. ಮುಂದಿನ ಬ್ಯಾಚಿನ ಎದುರು ನಾನು ಗೊತ್ತಿಲ್ಲದವಳ ಹಾಗೆ ಮುಖ ಮಾಡಬೇಕಾಗ್ತದೆ. ನನಗೆ ಅದೆಲ್ಲ ಬರುವುದಿಲ್ಲ." ಕಿವಿಯ ಹತ್ತಿರ ತಂಬುಳಿ ಅಂಟಿತ್ತು. ನಾನು ಆ ಸಂಖ್ಯೆಯನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ಇನ್ನೊಂದು. ಶಕ್ತಿನಗರದ ಆಚೆ ಹೊಸ ಮನೆ ಕಟ್ಟಿಸಿಕೊಂಡ ಒಬ್ಬರು ಹೋಟೆಲ್ ಮಾಲಕರಿದ್ದಾರೆ. ಹಿರಿಯರ ಕಾಲದಲ್ಲಿ ಗದ್ದೆ ಆಸ್ತಿ ಧಾರಾಳ ಇದ್ದ ಮನೆತನ. ಮಾತೂ ಹಾಗೆಯೇ ಧಾರಾಳ. ಒಂದು ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ನಿಂತು ಮೇಡಂ ಅವರನ್ನು ತಡೆದರು. "ನಮ್ಮ ಕಡೆ ನೂರು ನವಿಲು ಉಂಟು ಮಾರ್ರೆ. ದಿನಾ ಬೆಳಿಗ್ಗೆ ಬಂದು ನನ್ನ ಬಸಳೆ ಚಪ್ಪರ ಪೂರಾ ತಿಂತದೆ."

"ಒಂದು ಸಲಕ್ಕೆ ಎಷ್ಟು ಬರ್ತದೆ?"

"ಮೂರು."

"ಎಷ್ಟು ದಿನದಿಂದ?"

"ಒಂದು ತಿಂಗಳಾಯ್ತು."

"ಹಾಗಾದರೆ ಅದು ಮೂರೇ ನವಿಲು. ಹಸಿವು ತೊಂಬತ್ತು ಸಲ."

ಮಾಲಕರ ಮುಖ ನೋಡಬೇಕಿತ್ತು. "ನನ್ನ ತೊಂಬತ್ತೇಳು ನವಿಲು ಒಂದೇ ಏಟಿಗೆ ತೆಗೆದಿರಲ್ಲ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು.

ಮೇಡಂ ಆ ರಸ್ತೆಯಲ್ಲಿ ಹೋಗುತ್ತಿದ್ದದ್ದು ನವಿಲಿಗಾಗಿ ಅಲ್ಲ. ಆ ಮನೆಯ ಹಿಂದೆಯೇ ಒಂದು ಪದವು ಇದೆ. ಗುಡ್ಡದ ನೆತ್ತಿಯನ್ನು ಯಾರೋ ಇಸ್ತ್ರಿ ಮಾಡಿಟ್ಟ ಹಾಗೆ ಚಪ್ಪಟೆಯಾದ ಕೆಂಪು ಮುರಕಲ್ಲಿನ ಬಯಲು. ಮರವಿಲ್ಲ, ನೆರಳಿಲ್ಲ, ಮಳೆಗಾಲ ಕಳೆದರೆ ಮೊಣಕಾಲೆತ್ತರದ ಒಣ ಮುಳಿಹುಲ್ಲು. ಅಲ್ಲಿ ಜುಟ್ಟಿನ ನೆಲಗುಬ್ಬಿ ಎಂಬ ಹಕ್ಕಿ ಇದೆ. ಗುಬ್ಬಚ್ಚಿಗಿಂತ ಚೂರು ದೊಡ್ಡದು, ಒಣಹುಲ್ಲಿನದೇ ಬಣ್ಣ, ತಲೆಯ ಮೇಲೆ ಜೆಲ್ ಹಾಕಿದ ಹಾಗೆ ಎದ್ದು ನಿಂತ ಜುಟ್ಟು. ಕಣ್ಣಿಗೆ ಬೀಳುವುದು ತೀರಾ ಕಡಿಮೆ. ಹಾಡಿನಿಂದಲೇ ಹಿಡಿಯಬೇಕು: ಸೂಜಿಯಷ್ಟು ತೆಳ್ಳಗಿನ ಸಿಳ್ಳೆ, ಕೊನೆಯಲ್ಲಿ ಒಂದು ತಿರುವು. ಮೇಡಂ ನಾನು ಹುಟ್ಟುವ ಮೊದಲಿನಿಂದ, ಪ್ರತಿ ವರ್ಷ ಚಳಿಗಾಲದ ಭಾನುವಾರಗಳಲ್ಲಿ, ಆ ಪದವಿನ ಮೇಲೆ ಗುರುತು ಹಾಕಿದ ಇಪ್ಪತ್ತು ಜಾಗಗಳಲ್ಲಿ ಐದೈದು ನಿಮಿಷ ನಿಂತು, ಕೇಳಿದ ಪ್ರತಿ ನೆಲಗುಬ್ಬಿಯನ್ನೂ ಅದು ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆದಿಡುತ್ತಿದ್ದರು.

ದೂರ ಯಾಕೆಂದರೆ, ಲೆಕ್ಕದ ಜೀವ ಇರುವುದೇ ಅದರಲ್ಲಿ. ಹತ್ತಿರದ ಹಕ್ಕಿ ತಪ್ಪುವುದಿಲ್ಲ, ದೂರ ಹೋದ ಹಾಗೆ ಒಂದೊಂದಾಗಿ ತಪ್ಪುತ್ತದೆ. ಎಷ್ಟು ಬೇಗ ತಪ್ಪುತ್ತಾ ಹೋಗುತ್ತದೆ ಎಂದು ನೋಡಿದರೆ, ನಮಗೆ ಕೇಳದೆಯೇ ಉಳಿದವು ಎಷ್ಟೆಂದು ಹೇಳಬಹುದು. ಇದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಂ ಎಂದಿತ್ತು. ಇಲ್ಲದ್ದನ್ನು ಇದೆ ಎಂದು ತೋರಿಸುವುದು ನನ್ನ ಕಸುಬು. ಇದ್ದೂ ಕೇಳದ್ದನ್ನು ಲೆಕ್ಕಕ್ಕೆ ತರುವುದು ಇವರ ಕಸುಬು. ಯಾವುದು ದೊಡ್ಡದೆಂದು ಹೇಳಲು ಸ್ಟಾಟಿಸ್ಟಿಕ್ಸ್ ಬೇಡ.

"ಆದರೆ ಒಂದು ನಂಬಿಕೆ ಉಂಟು," ಎಂದು ಮೇಡಂ ಪದವಿನ ಮೇಲೆ ನಿಂತು ಹೇಳಿದ್ದರು. "ನಿನ್ನ ಕಾಲಬುಡದಲ್ಲಿ ಇರುವ ಹಕ್ಕಿ ನಿನಗೆ ತಪ್ಪುವುದೇ ಇಲ್ಲ ಅಂತ. ಇಡೀ ಲೆಕ್ಕದ ಅಡಿಪಾಯ ಅದು. ಅದು ಕುಸಿದರೆ ಮೇಲಿದ್ದದ್ದು ಪೂರಾ ಕುಸೀತದೆ."

ಡಿಪಾರ್ಟ್‌ಮೆಂಟಿನ ಗೋಡೆಯ ಮೇಲೆ ಒಂದು ಗ್ರಾಫ್ ಹಾಳೆ ಇತ್ತು. ವರ್ಷಕ್ಕೊಂದು ಚುಕ್ಕೆ, ಚುಕ್ಕೆಗಳನ್ನು ಸೇರಿಸಿದ ಕೆಂಪು ಪೆನ್ಸಿಲಿನ ಗೆರೆ. ಮೊದಲು ಸಮನಾಗಿ ಹೋಗಿ, ಆಮೇಲೆ ಕದ್ರಿ ಗುಡ್ಡದಿಂದ ಇಳಿಯುವ ರಸ್ತೆಯ ಹಾಗೆ ಇಳಿಯುತ್ತಾ ಬರುವ ಗೆರೆ. ಪದವಿನ ನೆಲಗುಬ್ಬಿ ಕಡಿಮೆಯಾಗುತ್ತಿದೆ ಎಂದು ಅದರ ಅರ್ಥ. ಮೇಡಂ ಬದುಕಿನ ದುಡಿಮೆಯೆಲ್ಲ ಆ ಒಂದು ಗೆರೆ. ನಾನು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಅದಕ್ಕೆ ಊರಿನಲ್ಲಿಯೂ ಬೆಲೆ ಬಂದಿತ್ತು. ಪದವನ್ನು ತುಂಡು ಮಾಡಿ ಮನೆ ಸೈಟು ಹಾಕುವ ಪ್ರಸ್ತಾಪವಿತ್ತು. ಬೇಡ ಎನ್ನುವವರ ಕೈಯಲ್ಲಿ ಇದ್ದ ಗಟ್ಟಿ ಕಾಗದ ಮೇಡಂ ಗ್ರಾಫು. ಎಪ್ರಿಲಿನಲ್ಲಿ ಒಂದು ಸಮಿತಿಯ ಎದುರು ಅವರು ಅದನ್ನು ಇಡಬೇಕಿತ್ತು. ಮೇ ಕೊನೆಗೆ ನಿವೃತ್ತಿ.

ಆ ಚಳಿಗಾಲದಲ್ಲಿ ಪದವಿಗೆ ಹೋಗುತ್ತಿದ್ದದ್ದು ನಾವು ಮೂವರು. ಮೇಡಂ, ನನ್ನ ಸಹಪಾಠಿ ಶ್ರಾವ್ಯ, ನಾನು. ನಾನು ಮಣ್ಣಗುಡ್ಡದ ಮನೆಗೆ ಹೋಗಿ ಮೇಡಂ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದೆ. ಶ್ರಾವ್ಯ ಬಸ್ಸಿನಲ್ಲಿ ಬರುತ್ತಿದ್ದಳು. ಮುಕ್ಕಾಲು ಜಾಗಗಳ ಲೆಕ್ಕ ಮೇಡಂ ಅವರದು, ಉಳಿದದ್ದು ಶ್ರಾವ್ಯಳದು. ನನಗೆ ನೀರಿನ ಬಾಟಲಿ ಹೊರುವುದು, ದೂರ ಅಳೆಯುವ ಟೇಪು ಹಿಡಿಯುವುದು. ಕೆಲಸ ಕಡಿಮೆ ಇದ್ದರೆ ನನ್ನಂಥವನು ಏನು ಮಾಡುತ್ತಾನೆ? ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ ಇದೆ. ಮದುವೆ ಮಾತುಕತೆಗೆ ಅಡ್ಡಿ ಎಂದು ಅಮ್ಮ ಹೇಳುವ ಆ ಸಂದಿಯಿಂದ ನೆಲಗುಬ್ಬಿಯ ಸಿಳ್ಳೆ ಚೆನ್ನಾಗಿ ಬರುತ್ತದೆ ಎಂದು ನಾನು ಎರಡನೆಯ ಭಾನುವಾರವೇ ಕಂಡುಹಿಡಿದೆ. ಹಕ್ಕಿಗಳೇ ಉತ್ತರ ಕೊಡತೊಡಗಿದವು.

ಮೂರನೆಯ ಭಾನುವಾರ, ಶ್ರಾವ್ಯ ಲೆಕ್ಕಕ್ಕೆ ನಿಂತಿದ್ದಾಗ, ನಾನು ಒಂದು ಬಂಡೆಯ ಹಿಂದೆ ಕೂತು ಸಿಳ್ಳೆ ಹಾಕಿದೆ. ಅವಳು ಬರೆದುಕೊಂಡಳು. ಆಮೇಲೆ ನಾನು ಎದ್ದು ನಿಂತು ಕೂದಲು ಹಿಡಿದೆತ್ತಿ ಜುಟ್ಟು ಕುಣಿಸಿದೆ. ಬರೆದದ್ದನ್ನು ಹೊಡೆದುಹಾಕಿ, "ನಿನಗೆ ಬೇರೆ ಕೆಲಸ ಇಲ್ವಾ? ಪೊಕ್ಕಡೆ ಸುಮ್ಮನೆ ನನ್ನ ಶೀಟು ಹಾಳು ಮಾಡ್ತೀಯಲ್ಲ!" ಎಂದು ಟೇಪಿನಿಂದ ಹೊಡೆದಳು.

ಸರಿ, ಮೇಡಂ ಮೇಲೆ ಪ್ರಯೋಗ ಮಾಡಿದೆ. ಇಪ್ಪತ್ತು ಹೆಜ್ಜೆ ದೂರದ ಪೊದೆಯಿಂದ. ಅವರು ಬರೆಯಲಿಲ್ಲ. ಇನ್ನೊಂದು ಜಾಗದಲ್ಲಿ ಇನ್ನೂ ಚೆನ್ನಾಗಿ ಹಾಕಿದೆ. ಬರೆಯಲಿಲ್ಲ. ಮುಂದಿನ ವಾರ ಹತ್ತೇ ಹೆಜ್ಜೆ ದೂರದಿಂದ, ಕೊನೆಯ ತಿರುವು ಸಮೇತ, ನನ್ನ ಜೀವಮಾನದ ಅತ್ಯುತ್ತಮ ನೆಲಗುಬ್ಬಿ ಹಾಡಿದೆ. ಮೇಡಂ ತಲೆ ವಾಲಿಸಿಕೊಂಡು ಆಕಾಶ ನೋಡುತ್ತಾ ನಿಂತಿದ್ದರು, ಪೆನ್ನು ಮಿಸುಕಲಿಲ್ಲ. ನಾನು ದಂಗಾದೆ. ಹಕ್ಕಿಗೇ ಗೊತ್ತಾಗದ ಕಳ್ಳ ಇವರಿಗೆ ಗೊತ್ತಾಗುತ್ತಾನೆ! ಹಾಸ್ಟೆಲಿಗೆ ಹೋಗಿ ಎಲ್ಲರಿಗೂ ಹೇಳಿದೆ: ಅಂಥ ಕಿವಿ ಮಂಗಳೂರಿನಲ್ಲಿ ಇನ್ನೊಂದಿಲ್ಲ.

ಮೂರು ವಾರ ಹೀಗೆ ಸೋತ ಮೇಲೆ ಒಪ್ಪಿಕೊಂಡುಬಿಡೋಣ ಎನಿಸಿತು. ಲೆಕ್ಕ ಮುಗಿಸಿ ಬಸ್‌ಸ್ಟಾಪಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದೆವು.

"ಮೇಡಂ, ಒಂದು ತಪ್ಪು ಒಪ್ಪಿಕೊಳ್ಳಲಿಕ್ಕೆ ಉಂಟು."

"ನಿನ್ನದು ಒಂದೇಯಾ?"

"ಮೂರು ವಾರದಿಂದ ನಾನು ನಿಮಗೆ ನೆಲಗುಬ್ಬಿ ಮಾಡ್ತಾ ಇದ್ದೇನೆ. ಶ್ರಾವ್ಯ ಒಂದೇ ಸಲಕ್ಕೆ ಬಿದ್ದಳು. ನಿಮ್ಮನ್ನು ಮಾತ್ರ ಬೀಳಿಸ್ಲಿಕ್ಕೆ ಆಗ್ಲಿಲ್ಲ. ಎಂತ ಕಿವಿ ಮೇಡಂ ನಿಮ್ಮದು!"

ಗೋಳಿಬಜೆ ಹಿಡಿದ ಅವರ ಕೈ ಚಟ್ನಿಯ ಮೇಲೆಯೇ ನಿಂತಿತು.

"ಎಲ್ಲಿಂದ ಮಾಡಿದ್ದು?"

"ಪೊದೆ ಹಿಂದಿನಿಂದ."

"ಎಷ್ಟು ದೂರ?"

"ಇಪ್ಪತ್ತು ಹೆಜ್ಜೆ. ಒಂದೆರಡು ಸಲ ಹತ್ತು."

"ಒಟ್ಟು ಎಷ್ಟು ಸಲ?"

"ಏಳೆಂಟು ಸಲ—"

"ಏಳಾ, ಎಂಟಾ?"

"ಎಂಟು."

ಅವರು ಗೋಳಿಬಜೆಯನ್ನು ತಟ್ಟೆಗೆ ಇಟ್ಟು, ಕಾಗದದಲ್ಲಿ ಕೈ ಒರೆಸಿಕೊಂಡರು. "ನನಗೆ ಒಂದೂ ಕೇಳ್ಲಿಲ್ಲ," ಎಂದರು.

ನಾನು ನಕ್ಕೆ. ಮೇಡಂ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಶ್ರಾವ್ಯ ಮೇಜಿನ ಕೆಳಗಿನಿಂದ ನನ್ನ ಕಾಲಿಗೆ ಒದ್ದಳು. ಆಗ ಮೇಡಂ ಮುಖ ನೋಡಿದೆ. ತಲೆ ಎಡಕ್ಕೆ ವಾಲಿತ್ತು, ಬಲಗಿವಿ ನನ್ನ ಕಡೆಗೆ. ಎರಡು ವರ್ಷದಿಂದ ನಾನು ಸ್ಟೇಜಿನ ಮೇಲೆ ಮಾಡಿ ತೋರಿಸುತ್ತಿದ್ದ ಭಂಗಿ ಅದು. ಅದು ಗತ್ತು ಎಂದುಕೊಂಡಿದ್ದೆ. ಸರಿ ಕೇಳುವ ಕಿವಿಯನ್ನು ಮುಂದೆ ತರುವುದಾಗಿತ್ತು ಅದು. ಅವರಿಗೇ ಗೊತ್ತಿಲ್ಲದ ಹಾಗೆ ಅವರ ಕತ್ತು ಅದನ್ನು ಕಲಿತುಕೊಂಡಿತ್ತು. ನಾನು ಅಷ್ಟು ಸರಿಯಾಗಿ ನಕಲು ಮಾಡಿದವನು, ಒಂದು ಸಲವೂ ಅದು ಏನೆಂದು ನೋಡಿರಲಿಲ್ಲ.

"ನನ್ನ ಸಿಳ್ಳೆಯೇ ಸರಿ ಇರ್ಲಿಕ್ಕಿಲ್ಲ ಮೇಡಂ," ಎಂದೆ.

"ಹಕ್ಕಿ ಉತ್ತರ ಕೊಡ್ತದಾ?"

"ಕೊಡ್ತದೆ."

"ಹಾಗಾದರೆ ಹಕ್ಕಿ ನಿನ್ನನ್ನು ಒಪ್ಪಿದೆ. ಒಪ್ಪದೆ ಇರ್ಲಿಕ್ಕೆ ನಾನು ಯಾರು?" ಚಹಾ ತಣ್ಣಗಾಗಿತ್ತು, ಹಾಗೆಯೇ ಕುಡಿದರು. "ಮುಂದಿನ ಭಾನುವಾರ ಇದನ್ನು ಸರಿಯಾಗಿ ಮಾಡುವ."

ಸರಿಯಾಗಿ ಎಂದರೆ ಹೇಗೆ ಎಂದು ಆ ಭಾನುವಾರ ಗೊತ್ತಾಯಿತು. ನನ್ನ ಕೈಗೆ ಚೀಟಿಗಳ ಒಂದು ಕಟ್ಟು ಕೊಟ್ಟರು. ಒಂದೊಂದರಲ್ಲಿ ಒಂದು ದಿಕ್ಕು, ಒಂದು ದೂರ. ಕೆಲವದರಲ್ಲಿ 'ಸುಮ್ಮನೆ ಕೂರು' ಎಂದು. ಚೀಟಿ ಎತ್ತಿದ ಹಾಗೆ ನಾನು ಆ ಜಾಗಕ್ಕೆ ಹೋಗಿ, ವಾಚು ನೋಡಿ ಹೊತ್ತು ಬರೆದಿಟ್ಟು, ಒಂದೇ ಸಲ ಸಿಳ್ಳೆ ಹಾಕಬೇಕು. ಮೇಡಂ ಮತ್ತು ಶ್ರಾವ್ಯ ಬೆನ್ನಿಗೆ ಬೆನ್ನು ಹಾಕಿ ನಿಂತು, ಒಬ್ಬರದ್ದು ಇನ್ನೊಬ್ಬರಿಗೆ ಕಾಣದ ಹಾಗೆ, ಕೇಳಿದ್ದನ್ನು ಹೊತ್ತಿನ ಸಮೇತ ಬರೆದುಕೊಳ್ಳಬೇಕು. ನನ್ನ ತುಂಟತನವನ್ನು ಅವರು ಒಂದೇ ವಾರದಲ್ಲಿ ಉಪಕರಣ ಮಾಡಿಬಿಟ್ಟಿದ್ದರು.

ಬಿಸಿಲು ಏರಿದ ಮೇಲೆ ಬಂಡೆಯ ಮೇಲೆ ಕೂತು ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಶ್ರಾವ್ಯಳಿಗೆ ಹೆಚ್ಚು ಕಡಿಮೆ ಎಲ್ಲವೂ ಕೇಳಿತ್ತು. ಮೇಡಂಗೆ ಕೇಳಿದ್ದು ತೀರಾ ಹತ್ತಿರದ ಕೆಲವು ಮಾತ್ರ. ಅದರಲ್ಲೂ ತಪ್ಪಿದ್ದುಂಟು. ಎಂಟು ಹೆಜ್ಜೆ ದೂರದ ಒಂದು ಸಿಳ್ಳೆಯ ಎದುರು ಅವರ ಹಾಳೆಯಲ್ಲಿ ಖಾಲಿ ಇತ್ತು. ಅದರ ಮೇಲೆ ಬೆರಳಿಟ್ಟು, "ಅಡಿಪಾಯ," ಎಂದರು. ಅಷ್ಟೇ.

"ಒಂದು ದಿನದ್ದು ಸಾಕಾಗುವುದಿಲ್ಲ. ಇನ್ನೊಂದು ವಾರ," ಎಂದರು ಆಮೇಲೆ.

ಆ ಇನ್ನೊಂದು ವಾರ ನಾನು ಮೋಸ ಮಾಡಿದೆ. ನನಗೆ ತಡೆಯಲಾಗಲಿಲ್ಲ. ನಾನು ಹೊಡೆದ ಕಲ್ಲಿಗೆ ಯಾರದೋ ಮನೆಯ ಗಾಜು ಒಡೆದ ಹಾಗಾಗಿತ್ತು. ದೂರದ ಚೀಟಿ ಬಂದಾಗಲೆಲ್ಲ ಸಿಳ್ಳೆಯನ್ನು ಸ್ವಲ್ಪ ದಪ್ಪ ಮಾಡಿದೆ, ಸ್ವಲ್ಪ ಜೋರು ಮಾಡಿದೆ. ಮೇಡಂ ಬರೆದುಕೊಳ್ಳುವುದು ಕಂಡು ನೆಮ್ಮದಿಯಾಯಿತು. ಹಾಳೆಗಳನ್ನು ಪಕ್ಕಪಕ್ಕ ಇಟ್ಟವರು ಎರಡು ನಿಮಿಷ ನೋಡಿ, ನನ್ನನ್ನು ಕರೆದರು.

"ಇಲ್ಲಿ ನೋಡು. ನಲವತ್ತು ಹೆಜ್ಜೆಯದ್ದು ನನಗೆ ಕೇಳಿದೆ, ಹದಿನೈದರದ್ದು ಕೇಳ್ಲಿಲ್ಲ. ಒಂದು ವಾರದಲ್ಲಿ ಕಿವಿ ಹೀಗೆ ಬದಲಾಗುವುದಿಲ್ಲ. ಬದಲಾದದ್ದು ಹಕ್ಕಿ."

ನಾನು ಚೀಟಿಗಳ ಕಟ್ಟನ್ನು ವಾಪಸು ಕೊಡಹೋದೆ.

"ನೆಲಗುಬ್ಬಿಗೆ ನನ್ನ ಮೇಲೆ ಕನಿಕರ ಇಲ್ಲ ಮಾರಾಯ. ನಿನಗೂ ಬೇಡ. ಇವತ್ತಿನದ್ದು ಬಿಸಾಡುವ. ಇನ್ನೊಂದು ಭಾನುವಾರ ಬಾ."

ಬಂದೆ. ಈ ಸಲ ಸರಿಯಾಗಿ ಹಾಕಿದೆ. ಫಲಿತಾಂಶ ಮೊದಲಿನದೇ. ಆ ಸೋಮವಾರ ಮೇಡಂ ಡಿಪಾರ್ಟ್‌ಮೆಂಟಿನ ಗೋಡೆಯ ಎದುರು ಬಹಳ ಹೊತ್ತು ನಿಂತಿದ್ದರು.

"ಈ ಇಳಿದದ್ದು ಹಕ್ಕಿಯಾ, ನಾನಾ?"

"ಎರಡೂ ಇರಬಹುದು ಮೇಡಂ," ಎಂದಳು ಶ್ರಾವ್ಯ.

"ಇರಬಹುದು. ಯಾವುದು ಎಷ್ಟು ಅಂತ ಹೇಳ್ಲಿಕ್ಕೆ ಆಗ್ತದಾ?"

ಆಗುವುದಿಲ್ಲವೆಂದು ನಮಗೆ ಮೂವರಿಗೂ ಗೊತ್ತಿತ್ತು. ಅವರ ಕಿವಿ ಯಾವ ವರ್ಷ ಎಷ್ಟು ದೂರ ಕೇಳುತ್ತಿತ್ತು ಎಂದು ಯಾರ ಹತ್ತಿರ ದಾಖಲೆ ಇದೆ? ಕಿವಿ ಒಮ್ಮೆಲೇ ಹೋಗುವುದಲ್ಲ, ಮಾತು ಕೇಳುತ್ತಿರುವಾಗಲೇ ತೆಳ್ಳಗಿನ ದನಿ ಮೊದಲು ಹೋಗುತ್ತದೆ. ವರ್ಷಕ್ಕೆ ಒಂದೊಂದು ಹೆಜ್ಜೆ ಹತ್ತಿರ ಬರುತ್ತದೆ. ಗೆರೆಯೂ ಹಾಗೆಯೇ ಇಳಿದಿತ್ತು.

ಶ್ರಾವ್ಯ ಅತ್ತೇಬಿಟ್ಟಳು. "ಮೇಡಂ, ಸಮಿತಿಯಲ್ಲಿ ಇದು ಹೇಳ್ಬೇಡಿ. ಗ್ರಾಫ್ ಕೊಟ್ಟು ಬಂದುಬಿಡಿ. ಹಕ್ಕಿ ಕಡಿಮೆ ಆಗಿರ್ಲಿಕ್ಕೂ ಸಾಕು ಅಲ್ವಾ? ಹೇಳಿದರೆ ಪದವೇ ಹೋಗ್ತದೆ."

"ಪದವು ಉಳಿಯಬೇಕು ಅಂತ ನನಗೂ ಉಂಟು ಮಾರಾಯ್ತಿ. ನಿನಗಿಂತ ಜಾಸ್ತಿ ಉಂಟು. ಆದರೆ ಅದು ನನ್ನ ಆಸೆ. ಆಸೆಯನ್ನು ಗ್ರಾಫ್ ಹಾಳೆಯಲ್ಲಿ ಬರೀಲಿಕ್ಕೆ ಬರುವುದಿಲ್ಲ."

ಸಮಿತಿಯ ಸಭೆಗೆ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಸಭಾಂಗಣ ತುಂಬಿತ್ತು. ಪದವು ಬೇಕೆನ್ನುವವರು ಒಂದು ಕಡೆ, ಸೈಟು ಬೇಕೆನ್ನುವವರು ಒಂದು ಕಡೆ. ಪದವು ಬೇಕೆನ್ನುವವರ ಮುಂದಿನ ಸಾಲಿನಲ್ಲಿ ನವಿಲಿನ ಹೋಟೆಲ್ ಮಾಲಕರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಮೇಡಂ ಗ್ರಾಫನ್ನು ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಹಿಡಿದರು. ಮಾಲಕರು ಚಪ್ಪಾಳೆ ತಟ್ಟಿದರು. ಇನ್ನಷ್ಟು ಜನ ತಟ್ಟಿದರು. ಅದು ನಿಲ್ಲುವವರೆಗೆ ಕಾದು ಮೇಡಂ ಹೇಳಿದರು:

"ಇದು ನಾನು ಮಾಡಿದ ಗೆರೆ. ಪದವಿನ ನೆಲಗುಬ್ಬಿ ಕಡಿಮೆ ಆಗ್ತಾ ಉಂಟು ಅಂತ ನಾನು ಬರೆದಿದ್ದೇನೆ, ಹೇಳಿದ್ದೇನೆ. ಈಗ ಅದನ್ನು ವಾಪಸು ತಗೊಳ್ತೇನೆ. ನನ್ನ ಕಿವಿ ಹೋಗಿದೆ. ಯಾವಾಗಿನಿಂದ ಹೋಗಿದೆ ಅಂತ ಗೊತ್ತಿಲ್ಲ. ಈ ಇಳಿತ ಹಕ್ಕಿಯದ್ದಾ, ಕಿವಿಯದ್ದಾ ಅಂತ ಹೇಳ್ಲಿಕ್ಕೆ ನನಗೆ ಸಾಧ್ಯ ಇಲ್ಲ. ಪದವಿನಲ್ಲಿ ನೆಲಗುಬ್ಬಿ ಉಂಟು, ಅಷ್ಟು ನಿಜ. ಕಡಿಮೆ ಆಯ್ತಾ ಅಂತ ಕೇಳಿದರೆ, ಗೊತ್ತಿಲ್ಲ."

ಗ್ರಾಫನ್ನು ಮಡಿಸಿ ಬ್ಯಾಗಿಗೆ ಹಾಕಿ ಕೂತರು. ನಾನು ಎಷ್ಟೋ ಸ್ಟೇಜು ಹತ್ತಿದ್ದೇನೆ. ಜನ ನಗದಿದ್ದಾಗ ಬರುವ ಮೌನ ನನಗೆ ಚೆನ್ನಾಗಿ ಗೊತ್ತು. ಆ ದಿನದ ಮೌನ ಅದರ ಹತ್ತು ಪಾಲು. ಅದರ ನಡುವೆ ಅವರು ವಾಚನ್ನು ಒಂದು ಸುತ್ತು ತಿರುಗಿಸಿ, ಹೊತ್ತೆಷ್ಟಾಯಿತೆಂದು ನೋಡಿಕೊಂಡರು. ಇಂಥ ಧೈರ್ಯವನ್ನು ಯಾವ ದನಿಯಲ್ಲಿ ಮಾಡಿ ತೋರಿಸುವುದು? ನನಗೆ ಬರುವುದಿಲ್ಲ.

ಸೈಟಿನ ಕಡೆಯವರು ಗುಸುಗುಸು ನಕ್ಕರು. ಸಮಿತಿ ವಿಷಯವನ್ನು ಮುಂದಕ್ಕೆ ಹಾಕಿತು. ಮೇಡಂ ಮಾತಿನಿಂದ ಹಾಕಿತೋ, ಊಟದ ಹೊತ್ತಾದದ್ದರಿಂದ ಹಾಕಿತೋ ಯಾರಿಗೂ ತಿಳಿಯಲಿಲ್ಲ. ಹೊರಗೆ ಮೆಟ್ಟಿಲಿನ ಮೇಲೆ ಹೋಟೆಲ್ ಮಾಲಕರು ಎದುರಾದರು.

"ಎಂತ ಮಾಡಿದ್ರಿ ಮೇಡಂ ನೀವು? ನಮ್ಮ ಕೈಯಲ್ಲಿ ಇದ್ದದ್ದು ಒಂದು ಕಾಗದ. ಅದನ್ನೂ ಹರಿದು ಹಾಕಿದ್ರಿ. ಸುಮ್ಮನೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಿತ್ತಲ್ಲ," ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. ಮಾಲಕರು ತಲೆ ಅಲ್ಲಾಡಿಸುತ್ತಾ ಕಾರಿನ ಕಡೆಗೆ ಹೋದರು.

ಸ್ಕೂಟರಿನಲ್ಲಿ ಮಣ್ಣಗುಡ್ಡಕ್ಕೆ ವಾಪಸು ಹೊರಟೆವು. ದಾರಿಯಲ್ಲಿ ನಾನು, "ಮೇಡಂ, ನಾನು ಆ ದಿನ ಸಿಳ್ಳೆ ಹಾಕದಿದ್ದರೆ..." ಎಂದೆ. ಹಿಂದಿನಿಂದ, "ನಿಧಾನ, ಮುಂದೆ ಹಂಪ್ ಉಂಟು," ಎಂದು ಬಂತು. ನನ್ನ ಮಾತು ಕೇಳಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಗೇಟಿನ ಹತ್ತಿರ ಇಳಿದು, ಬ್ಯಾಗಿನಿಂದ ಒಂದು ಹೊಸ ನೋಟುಪುಸ್ತಕ ತೆಗೆದು ತೋರಿಸಿದರು. ಸಭೆಗೆ ಬರುವ ಮೊದಲೇ ಕೊಂಡದ್ದು. "ಬರುವ ಚಳಿಗಾಲದಿಂದ ಶುರು. ಒಂದನೆಯ ಚುಕ್ಕೆ."

"ನೀವು ರಿಟೈರ್ ಆಗ್ತೀರಲ್ಲ ಮೇಡಂ?"

"ನೆಲಗುಬ್ಬಿ ರಿಟೈರ್ ಆಗ್ತದಾ?"

ಪದವಿನ ತೀರ್ಮಾನ ಇನ್ನೂ ಆಗಿಲ್ಲ. ಮೊನ್ನೆ ಜನವರಿಯಲ್ಲಿ ನಾವು ಹೊಸ ಲೆಕ್ಕಕ್ಕೆ ಹೋದೆವು. ಈಗ ಜ್ಯೂನಿಯರುಗಳು ಸೇರಿ ಒಂದು ಗುಂಪೇ ಇದೆ. ಮೊದಲ ಭಾನುವಾರ ಹಕ್ಕಿಯನ್ನು ಮುಟ್ಟುವ ಹಾಗಿಲ್ಲ, ಮೊದಲು ಕಿವಿಯ ಲೆಕ್ಕ: ಇದು ಮೇಡಂ ಮಾಡಿದ ನಿಯಮ, ಪ್ರತಿ ವರ್ಷಕ್ಕೂ, ಎಲ್ಲರಿಗೂ. ಸಿಳ್ಳೆ ಹಾಕುವವನಿಗೂ ರಿಯಾಯಿತಿ ಇಲ್ಲ. ನನ್ನ ಸಿಳ್ಳೆಯನ್ನೇ ಫೋನಿನಲ್ಲಿ ಹಿಡಿದು ಶ್ರಾವ್ಯ ನನಗೆ ಕೇಳಿಸಿದಳು. ಆಮೇಲೆ ಅದೇ ಫೋನಿನಿಂದ ನಾನು ಅವಳಿಗೆ ಕೇಳಿಸಿದೆ. ಅವಳಿಗಿಂತ ನನ್ನದು ಐದು ಹೆಜ್ಜೆ ಕಡಿಮೆ ಬಂತು. "ದಿನವಿಡೀ ಕಿವಿಗೆ ಇಯರ್‌ಫೋನ್ ಬೆಣೆ ಹೊಡೆದುಕೊಂಡರೆ ಇನ್ನೆಂತ ಆಗ್ತದೆ?" ಎಂದರು ಮೇಡಂ. ಜ್ಯೂನಿಯರುಗಳೆಲ್ಲ ನಕ್ಕರು. ಇಪ್ಪತ್ತಮೂರು ವರ್ಷಕ್ಕೇ ನನ್ನ ಇಳಿತ ಶುರುವಾಗಿದೆ ಎಂದು ಅಧಿಕೃತವಾಗಿ ದಾಖಲಾಯಿತು.

ಆಮೇಲೆ ಉಳಿದವರ ಸರದಿ. ಮೇಡಂ ಸೇರಿ ಎಂಟು ಜನ ಸಾಲಾಗಿ, ನನಗೆ ಬೆನ್ನು ಹಾಕಿ, ಬಲಗೈ ಮೇಲೆತ್ತಿ ನಿಂತರು. ನಾನು ಐದೈದು ಹೆಜ್ಜೆ ಹಿಂದೆ ಸರಿಯುತ್ತಾ ಸಿಳ್ಳೆ ಹಾಕುತ್ತಾ ಹೋಗಬೇಕು. ಕೇಳುವುದು ನಿಂತವರು ಕೈ ಇಳಿಸಬೇಕು. ಒಣಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಎಲ್ಲಿಯೋ ನಿಜವಾದ ನೆಲಗುಬ್ಬಿಯೊಂದು ನನಗೆ ಉತ್ತರ ಕೊಟ್ಟಿತು.

ಮೂರನೆಯ ನಿಲುಗಡೆಯಲ್ಲಿ ಸಾಲಿನ ಎಡತುದಿಯ ಒಂದು ಕೈ ಇಳಿಯಿತು. ಏಳು ಕೈಗಳು ಮೇಲೆಯೇ ಇದ್ದವು. ಇಳಿಸಿದವರು ಅತ್ತಿತ್ತ ಯಾರ ಕೈಯನ್ನೂ ನೋಡಲಿಲ್ಲ. ಕಂಕುಳಲ್ಲಿದ್ದ ಹೊಸ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮೊದಲ ಪುಟದ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದು, ಅದರ ಮುಂದೆ 'ಹದಿನೈದು ಹೆಜ್ಜೆ' ಎಂದು ಬರೆದುಕೊಂಡರು. ನಾನು ಮುಂದಿನ ಐದು ಹೆಜ್ಜೆ ಎಣಿಸಿದೆ.